ಹನ್ನೊಂದು ಗಾಡಿ, ಒಂದೇ ಹೆಸರು

"ಬೇರ್ ಸಮೇತ ಕೀಳಮ್ಮಿ! ಮ್ಯಾಲ್ಮ್ಯಾಲೆ ಸವರ್ತಾ ಇದ್ದೀಯಲ್ಲ, ಹುಲ್ಲೇನು ನಿನ್ ಗಂಡನ್ ತಲೆಕೂದ್ಲಾ?"

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಪೋನಿಮಾನ್ ತನ್ನ ಮಾತಿಗೆ ತಾನೇ ನಕ್ಕ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಡೆಲ್ಫಿನಾ ನಗಲಿಲ್ಲ. ಹುಲ್ಲಿನ ಬುಡಕ್ಕೆ ಬೆರಳು ಇಳಿಸಿ, ಮಣ್ಣು ಸಮೇತ ಕಿತ್ತು ಬುಟ್ಟಿಗೆ ಎಸೆದಳು. ಇದು ಕೂಲಿ ಕೆಲಸವಲ್ಲ. ಕೂಲಿಯಾಗಿದ್ದರೆ ಸಂಜೆಗೆ ಕೈಗೆ ಏನಾದರೂ ಬರುತ್ತಿತ್ತು.

ಹೋದ ಎರಡು ವರ್ಷವೂ ಅವಳು ಇದೇ ಅಂಗಳದಲ್ಲಿ ಹುಲ್ಲು ಕಿತ್ತಿದ್ದಳು. ಅವಳ ಮೋಟರ್‌ಸೈಕಲ್ಲು ಮೊದಲು ಮೇಸ್ತ್ರಿಯದು. ಗಾಡಿಯ ಪುಸ್ತಕದಲ್ಲಿರುವುದು ಅವನ ಹೆಸರು. ಯಾರ ಹೆಸರಿದೆಯೋ ಅವರ ಗುರುತಿನ ಚೀಟಿ ತೋರಿಸದಿದ್ದರೆ ಪಟ್ಟಣದ ಕಚೇರಿಯಲ್ಲಿ ವರ್ಷದ ತೆರಿಗೆ ಕಟ್ಟಿಸಿಕೊಳ್ಳುವುದಿಲ್ಲ. ಆ ಚೀಟಿಯನ್ನು ಒಂದು ದಿನಕ್ಕೆ ಎರವಲು ಕೊಡಲು ಮೇಸ್ತ್ರಿಗೆ ಎರಡು ದಿನದ ಬಿಟ್ಟಿ ಚಾಕರಿ ಬೇಕು. ತಾಳೆಎಣ್ಣೆ ತೋಟದ ಆಳುಗಳ ಸಾಲುಮನೆಗಳಲ್ಲಿ ಇಂಥ ಗಾಡಿಗಳು ಹನ್ನೊಂದು ಇದ್ದವು. ಮೇಸ್ತ್ರಿ ತನ್ನ ಹೆಸರಲ್ಲಿ ಹೊಸ ಗಾಡಿ ತಂದು, ಎರಡು ವರ್ಷ ಓಡಿಸಿ, ಸವೆದ ಮೇಲೆ ಸೊಸೈಟಿ ಸಾಲದಲ್ಲಿ ಆಳುಗಳಿಗೆ ದಾಟಿಸುತ್ತಿದ್ದ. ಮೇಸ್ತ್ರಿ ಮನೆ ಹುಲ್ಲು ಬೆಳೆಯುವುದೇ ನಮ್ಮ ಗಾಡಿಗಳ ತೆರಿಗೆ ತಾರೀಕು ನೋಡಿಕೊಂಡು ಎಂದು ಸಾಲುಮನೆಯವರು ಹೇಳಿಕೊಂಡು ನಗುತ್ತಿದ್ದರು. ಕೈಲಾಗದವರ ನಗು ಅದು.

ಈ ಸಲ ಡೆಲ್ಫಿನಾ ಚೀಟಿಗೆ ಬಂದಿರಲಿಲ್ಲ, ಸಹಿಗೆ ಬಂದಿದ್ದಳು. ಸಾಲ ತೀರಿತ್ತು.

ಮೂವತ್ತು ತಿಂಗಳ ಕಂತು ಮುಗಿದ ದಿನ ಸೊಸೈಟಿಯ ಗುಮಾಸ್ತ ಕಪಾಟಿನಿಂದ ಗಾಡಿ ಪುಸ್ತಕ ತೆಗೆದು ಅವಳ ಮುಂದೆ ಎಸೆದಿದ್ದ. ಅವಳು ಪುಟ ತಿರುಗಿಸಿ, ಬೆರಳಿಟ್ಟು ಓದಿ, "ಇದ್ರಾಗೆ ನನ್ ಹೆಸ್ರಿಲ್ವಲ್ಲ ಸಾರ್" ಅಂದಳು.

"ಎಲ್ಲಿಂದ ಬತ್ತದೆ? ಗಾಡಿ ತಗೊಂಡಾಗ ಒಂದು ರಸೀದಿ ಬರ್ಕೊಟ್ಟಿದ್ರಲ್ಲ, ಅದ್ರಲ್ಲಿ ಮಾರ್ದೋರ ಸಹಿ ಆಗೈತಾ?"

ಆಗಿರಲಿಲ್ಲ. ಆ ರಸೀದಿಯನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳು. ಸ್ಟಾಂಪು ಅಂಟಿಸಿತ್ತು. ಕೊಂಡವರ ಜಾಗದಲ್ಲಿ ಅವಳ ಹೆಬ್ಬೆಟ್ಟಿತ್ತು. ಮಾರಿದವರ ಗೆರೆ ಖಾಲಿ. ಅವತ್ತು ಮೇಸ್ತ್ರಿ, "ಈಗ್ಲೇ ಸಹಿ ಹಾಕುದ್ರೆ ಕಾಗ್ದ ಹಳೇದಾಯ್ತದೆ, ಸಾಲ ತೀರ್ಲಿ, ಹಾಕ್ತೀನಿ" ಅಂದಿದ್ದ. ಅವಳು ನಂಬಿದ್ದಳು. ಇನ್ನೊಂದು ಮಾತು: ಅವಳಿಗೆ ಹೆಸರು ಬರೆಯಲು ಬರುತ್ತಿತ್ತು. ಹುಟ್ಟಿದೂರು ಅಡೊನಾರಾ ದ್ವೀಪದ ಇಗರ್ಜಿ ಶಾಲೆಯಲ್ಲಿ ಮೂರನೇ ಕ್ಲಾಸಿನತನಕ ಕಲಿತವಳು. ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮುಖ ನೋಡಿಯೇ ಇಂಕಿನ ಡಬ್ಬಿ ಮುಂದೆ ತಳ್ಳಿದ್ದರು.

"ಹೋಗಿ ಸಹಿ ಹಾಕಿಸ್ಕೋ" ಅಂದಿದ್ದ ಗುಮಾಸ್ತ. "ಇಲ್ದಿದ್ರೆ ಸಾಯೋಗಂಟ ಆ ಮನುಷ್ಯನ ಕಾಲ್ ಹಿಡ್ಕಂಡಿರು."

ಹುಲ್ಲು ಕಿತ್ತಾಯಿತು. ಮೇಸ್ತ್ರಿ ಕನ್ನಡಕ ಹುಡುಕಿದ, ಸಿಗಲಿಲ್ಲವಂತೆ, ಮುಂದಿನ ವಾರ ಬಾ ಅಂದ. ಮುಂದಿನ ವಾರ ಅವನ ಸ್ವಂತ ತಾಳೆ ತೋಟದಲ್ಲಿ ಗೊನೆಯಿಂದ ಉದುರಿದ ಹಣ್ಣು ಆರಿಸಬೇಕಾಯಿತು, ಎರಡು ದಿನ. ಆಮೇಲೆ, "ಬರಿಗೈಲಿ ಸಹಿ ಕೇಳ್ತಾರೇನಮ್ಮಿ?" ಅಂದ. ಅವಳು ಸಾಕಿದ ಕೆಂಪು ಹುಂಜ ಹೋಯಿತು. ಮೇಸ್ತ್ರಿಯ ಮೊಮ್ಮಗನ ನಾಮಕರಣಕ್ಕೆ ಇನ್ನೂರು ತಟ್ಟೆ ತೊಳೆದಳು. ಅವತ್ತು ಸಾರಿನಲ್ಲಿ ಬೆಂದದ್ದು ಅದೇ ಹುಂಜ. ಅವಳ ಪಾಲಿಗೆ ಬಂದದ್ದು ತಳದ ಅನ್ನ.

ಮನೆಯಲ್ಲಿ ಗಂಡ ಲಾಸರುಸ್ ನೋವಿನ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಬುಡತ್ಲಾಗೆ. ಗಾಡಿ ಓಡ್ತೈತಲ್ಲ. ಯಾರ್ ಹೆಸ್ರಿದ್ರೆ ನಿಂಗೇನು?" ಅಂದ.

"ನಿಂಗೈತೆ, ಅದ್ಕೆ ಅಂತೀಯ" ಅಂದಳು ಡೆಲ್ಫಿನಾ. "ಹಾಜರಿ ಬುಕ್ಕಲ್ಲಿ ನಿನ್ ಹೆಸ್ರು. ಮನೆ ಬಾಗ್ಲಲ್ಲಿ ನಿನ್ ಹೆಸ್ರು. ಹನ್ನೆರಡ್ ವರ್ಸದಿಂದ ಹಣ್ಣು ಆರಿಸ್ತಿವ್ನಿ, ನಾನು ಎಲ್ಲಿವ್ನಿ ತೋರ್ಸು."

ತೋರಿಸಲು ಎಲ್ಲೂ ಇರಲಿಲ್ಲ. ತೋಟದ ಲೆಕ್ಕದಲ್ಲಿ ಗೊನೆ ಕಡಿಯುವ ಗಂಡಸು ಆಳು, ಹಣ್ಣು ಹೊರುವ ಹೆಂಡತಿ ಅವನ ನೆರಳು. ಗಾಡಿ ಪುಸ್ತಕದಲ್ಲಿ ಒಂದು ಸಾಲು ತನ್ನದಾಗಬೇಕೆಂಬುದು ಅವಳಿಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಭಾನುವಾರ ಪೂಜೆ ಮುಗಿಸಿದವಳೇ ಇಗರ್ಜಿಯಿಂದ ನೇರ ಮೇಸ್ತ್ರಿ ಮನೆಗೆ ಗಾಡಿ ಓಡಿಸಿದಳು. ಜಗಲಿಯಲ್ಲಿ ತೋಟದ ಗೇಟಿನ ಕಾವಲಿನ ಯಜಮಾನ ರುಸ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಇಬ್ಬರ ನಡುವೆ ಬಾಳೆಹಣ್ಣಿನ ಬಜ್ಜಿ.

"ನೋಡಪ್ಪಾ ರುಸ್ಲಿ, ಬಂದ್ಲು ನನ್ ಮೂರ್ನೇ ಹೆಂಡ್ತಿ" ಅಂದ ಮೇಸ್ತ್ರಿ. "ವಾರಕ್ಕೊಂದ್ ಸಲ ಬರ್ದಿದ್ರೆ ಇವ್ಳಿಗೆ ನಿದ್ದೆ ಬರಲ್ಲ."

ರುಸ್ಲಿ ಕಾಫಿ ಚೆಲ್ಲುವಂತೆ ನಕ್ಕ. ಡೆಲ್ಫಿನಾ ರಸೀದಿ ಚಾಚಿದಳು. "ಹೇಳಿದ್ದೆಲ್ಲಾ ಮಾಡಿವ್ನಿ ಮೇಸ್ತ್ರಿಗಳೇ. ಒಂದ್ ಸಹಿ ಹಾಕ್ಬುಡಿ."

ಅವನು ರಸೀದಿ ತೆಗೆದುಕೊಂಡ. ದೂರ ಹಿಡಿದು ನೋಡಿದ. ಇನ್ನೊಂದು ಕೈಯಲ್ಲಿದ್ದ ಬಜ್ಜಿ ಬಾಯಿಗೆ ಹಾಕಿಕೊಂಡು, ಎಣ್ಣೆಯ ಬೆರಳುಗಳನ್ನು ಒಂದೊಂದಾಗಿ ಅದೇ ಕಾಗದಕ್ಕೆ ಒರೆಸಿದ. ಹೆಬ್ಬೆಟ್ಟಿನ ಗುರುತಿನ ಮೇಲೆ ಎಣ್ಣೆ ಹರಡಿತು. ಆಮೇಲೆ ಕಾಗದ ಮುದುರಿ ಅವಳ ಕಾಲ ಬುಡಕ್ಕೆ ಎಸೆದ.

"ಸಾಲ ನೀನ್ ತೀರ್ಸಿರ್ಬೌದು. ಹೆಸ್ರು ನಂದು. ಹೆಸ್ರಿರೋನೇ ಯಜಮಾನ. ಕೂಲಿ ಮಾಡೋ ಹೆಂಗ್ಸಿಗೆ ಹೆಸ್ರು ಯಾಕಮ್ಮಿ? ಕೂಗಿದ್ರೆ ಓಗೊಡಕ್ಕೆ ಒಂದಿದ್ರೆ ಸಾಕು. ಜಾಸ್ತಿ ಆಡುದ್ರೆ ಗಾಡಿ ಕಳ್ವಾಗೈತೆ ಅಂತ ಬರ್ಸ್ತೀನಿ. ಸಾಕ್ಷಿಗೆ ರುಸ್ಲಿ ಇಲ್ಲೇ ಕೂತವ್ನೆ."

ಡೆಲ್ಫಿನಾ ಬಗ್ಗಿ ಕಾಗದ ಎತ್ತಿಕೊಂಡಳು. ಹುಲ್ಲು ಕೀಳುವಾಗ, ತಟ್ಟೆ ತೊಳೆಯುವಾಗ ತಡೆದಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಉಕ್ಕಿ ಬಂತು. ಅಳು ಬರುತ್ತದೆ ಅಂದುಕೊಂಡಳು. ಅಳುವಲ್ಲ, ಸಿಟ್ಟು. ಗಾಡಿಯ ಸೀಟು ಎತ್ತಿ ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದಳು.

"ಏಯ್, ಏನ್ ಮಾಡ್ತಿದ್ದೀಯ?"

ಹಿಂದಿನ ನಂಬರ್ ಪ್ಲೇಟಿನ ಬೋಲ್ಟು ತುಕ್ಕು ಹಿಡಿದಿತ್ತು. ಒಂದನ್ನು ಬಿಚ್ಚಿದಳು, ಇನ್ನೊಂದು ಬರಲಿಲ್ಲ. ಪ್ಲೇಟನ್ನೇ ಹಿಡಿದು ತಿರುಚಿ ಕಿತ್ತಳು. ಅಂಗೈ ಕುಯ್ದು ರಕ್ತ ಬಂತು. ಮುಂದಿನದು ಸುಲಭವಾಗಿ ಬಂತು. ಎರಡನ್ನೂ ಒಯ್ದು ಬಜ್ಜಿಯ ತಟ್ಟೆಯ ಮೇಲೆ ಕುಕ್ಕಿದಳು.

"ತಗಳೋ. ಇದು ನಿನ್ ಹೆಸ್ರು. ಇಟ್ಕಂಡ್ ನೆಕ್ಕು. ಎಂಜಿನ್ನು, ಚಕ್ರ, ಅದ್ರೊಳಗಿನ ಪೆಟ್ರೋಲು ನಂದು."

ಹನ್ನೆರಡು ವರ್ಷದಲ್ಲಿ ಅವಳು ಮೇಸ್ತ್ರಿಯನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಅವನಿಗೆ ಸಿಟ್ಟಿಗಿಂತ ಮೊದಲು ಗಾಬರಿಯಾಯಿತು.

"ಸೂಳೆಮುಂಡೆ!" ಎಂದು ಎದ್ದ. "ನಾಳೆ ಪ್ಲೇಟಿಲ್ದೆ ಗೇಟ್ ದಾಟೇ ನೋಡಾಣ" ಎಂದು ರುಸ್ಲಿ ಹಿಂದಿನಿಂದ ಕಿರುಚಿದ. ಅವಳು ಗಾಡಿಯ ಕಿಕ್ ಹೊಡೆದು ಹೊರಟಿದ್ದಳು.

ಸುದ್ದಿ ಅವಳಿಗಿಂತ ಮೊದಲೇ ಸಾಲುಮನೆ ಮುಟ್ಟಿತ್ತು. ಲಾಸರುಸ್ ತಲೆ ಮೇಲೆ ಕೈಹೊತ್ತು ಕೂತಿದ್ದ. "ಹಾಳ್ ಮಾಡ್ದೆ, ಹಾಳ್ ಮಾಡ್ದೆ. ಕೆಲ್ಸನೂ ಹೋಯ್ತು, ಮನೆನೂ ಹೋಯ್ತು." ಡೆಲ್ಫಿನಾ ಕೈಗೆ ಬಟ್ಟೆ ಸುತ್ತಿಕೊಂಡಳು. ಅವನು ಹೇಳುವುದೂ ನಿಜವೇ. ಭಯ ಅವಳಿಗೂ ಈಗ ಶುರುವಾಗಿತ್ತು.

ಪಕ್ಕದ ಮನೆಯ ಓಲ್ಗಾ ಬಂದು ಬಾಗಿಲಲ್ಲಿ ನಿಂತಳು. ಔಷಧಿ ಹೊಡೆಯುವ ಕೆಲಸದವಳು. ಹೋದ ತಿಂಗಳು ಅದೇ ಗುರುತಿನ ಚೀಟಿಗಾಗಿ ಮೇಸ್ತ್ರಿ ಮನೆಯ ಕಕ್ಕಸು ತೊಳೆದು ಬಂದಿದ್ದಳು.

"ಆ ಸ್ಪ್ಯಾನರ್ ಇತ್ಲಾಗ್ ತಾ" ಅಂದಳು.

ಸಂಜೆಯೊಳಗೆ ಸ್ಪ್ಯಾನರ್ ಏಳು ಕೈ ದಾಟಿತು. ಉಳಿದ ನಾಲ್ವರು ಬಾಗಿಲು ಹಾಕಿಕೊಂಡರು. ಅವರನ್ನು ಯಾರೂ ಬೈಯಲಿಲ್ಲ. ಮಕ್ಕಳಿರುವವರು. ಬಿಚ್ಚಿದ ಪ್ಲೇಟುಗಳನ್ನು ಓಲ್ಗಾ ತಂತಿಗೆ ಪೋಣಿಸಿ ಮೇಸ್ತ್ರಿಯ ಗೇಟಿಗೆ ಕಟ್ಟಿ ಬಂದಳು. ಲಾಸರುಸ್ ಎದ್ದು ಒಳಗೆ ಹೋದವನು ಮರಗಳಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ ತಂದು ಹೆಂಡತಿಯ ಮುಂದೆ ಇಟ್ಟ. ಕುಂಚ ಇರಲಿಲ್ಲ. ಒಂದು ಕಡ್ಡಿಯ ತುದಿ ಜಗಿದು ಕೊಟ್ಟ.

ಸೋಮವಾರ ಬೆಳಕು ಹರಿಯುವ ಹೊತ್ತು. ಹಾಜರಿ ಕೂಗುವ ಮೈದಾನಕ್ಕೆ ಹೋಗಬೇಕಾದರೆ ಗೇಟು ದಾಟಲೇಬೇಕು. ರುಸ್ಲಿ ಕಬ್ಬಿಣದ ಅಡ್ಡಗಂಬ ಇಳಿಸಿ ನಿಂತಿದ್ದ. ಅವನ ಹಿಂದೆ ಲಾಠಿ ಹಿಡಿದ ನಾಲ್ಕು ಜನ. ಅವರ ಹಿಂದೆ ಮೇಸ್ತ್ರಿ, ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡು.

ಡೆಲ್ಫಿನಾಳ ಗಾಡಿ ಗಂಬಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಹಿಂದೆ ಓಲ್ಗಾ, ಅವಳ ಹಿಂದೆ ಐದು ಗಾಡಿ.

"ಇಳಿಯೇ ಕೆಳಗೆ. ಯಾರ್ದೇ ಗಾಡಿ ಇದು?" ಅಂದ ರುಸ್ಲಿ.

ಅವಳು ಟ್ಯಾಂಕಿಗೆ ಒತ್ತಿದ್ದ ಮೊಣಕಾಲು ಸರಿಸಿದಳು. ಕೆಂಪು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೂರನೇ ಕ್ಲಾಸಿನ ಸೊಟ್ಟ ಅಕ್ಷರ. ಡೆಲ್ಫಿನಾ ತೊಕಾನ್.

"ಓದು" ಅಂದಳು.

ರುಸ್ಲಿ ಮೇಸ್ತ್ರಿಯ ಕಡೆ ತಿರುಗಿ ನೋಡಿದ.

"ಅವ್ನ ಮುಖ ಯಾಕ್ ನೋಡ್ತೀಯೋ ಬೋಳಿಮಗ್ನೆ, ಅಲ್ಲೇನ್ ಬರ್ದೈತೆ? ಇಲ್ಲೈತೆ. ಗಟ್ಟಿಯಾಗ್ ಓದು."

ಅವನು ಓದಲಿಲ್ಲ. ಲಾಠಿಯವರು ಒಂದು ಹೆಜ್ಜೆ ಮುಂದೆ ಬಂದರು. ಏಳು ಗಾಡಿಗಳಲ್ಲಿ ಒಂದರ ಎಂಜಿನ್ನೂ ಆರಲಿಲ್ಲ.