ಮೂರು ನೀರಿನಲ್ಲಿ ತೊಳೆದದ್ದು

ಹೇಮಶ್ರೀಗೆ ನೆಗಡಿ ಬಾರದೆ ಹೋಗಿದ್ದರೆ ೧೯೯೮ರ ಆ ಜುಲೈ ತಿಂಗಳು ಸುಖವಾಗಿ ಮುಗಿದುಹೋಗುತ್ತಿತ್ತು. ನಾಲ್ಕು ವರ್ಷ ಜೀವ ತೇದು ಬರೆದ ಪ್ರಬಂಧ ಟೈಪಾಗಿ ಬಂದಿತ್ತು. ಮೂವತ್ತೊಂದು ಸಲ್ಲಿಸಲು ಕಡೆಯ ದಿನ, ಅದೇ ದಿನ ಅವಳ ಗೈಡ್ ಅನಂತಪದ್ಮನಾಭ ಅವರಿಗೆ ನಿವೃತ್ತಿ. ಅದು ತಪ್ಪಿದರೆ ಬೇರೆ ಗೈಡನ್ನು ಹುಡುಕಿ ಮೊದಲಿನಿಂದ ಶುರು ಮಾಡಬೇಕು. ಕಾಲೇಜೊಂದರಲ್ಲಿ ಅವಳಿಗಾಗಿ ಕಾದಿರಿಸಿದ್ದ ಕೆಲಸವೂ ಕೈತಪ್ಪುತ್ತದೆ.

ಅವಳ ವಿಷಯ ಕೀಲಿನೊಳಗಿನ ನೀರು. ಮಂಡಿಯಲ್ಲಿ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿಯಲ್ಲಿ ಮುಕ್ಕಾಲು ಪಾಲು ನೀರೇ. ಅದರ ಚೂರೊಂದನ್ನು ಗಾಜಿನ ನಳಿಕೆಯಲ್ಲಿ ಹಾಕಿ, ದೊಡ್ಡ ಅಯಸ್ಕಾಂತದ ನಡುವೆ ಇಳಿಸಿ, ರೇಡಿಯೋ ಅಲೆಯ ಒಂದು ಪೆಟ್ಟು ಕೊಟ್ಟರೆ ನೀರಿನಿಂದ ಸಂಕೇತವೊಂದು ಹೊರಡುತ್ತದೆ, ಮೆಲ್ಲಗೆ ಅಡಗುತ್ತದೆ. ನೀರು ಬಿಗಿಯಾಗಿ ಅಂಟಿಕೊಂಡಿದ್ದರೆ ಬೇಗ ಅಡಗುತ್ತದೆ, ಸಡಿಲವಾಗಿದ್ದರೆ ತಡವಾಗಿ. ಕುರಿಮರಿಗಳ ಮಂಡಿಗಿಂತ ಮುದಿ ಕುರಿಗಳ ಮಂಡಿಯಲ್ಲಿ ಅದು ತಡವಾಗಿ ಅಡಗುತ್ತದೆ, ಅಂದರೆ ವಯಸ್ಸಾದಂತೆ ನೀರಿನ ಹಿಡಿತ ತಪ್ಪುತ್ತದೆ ಎಂದು ಹೇಮಶ್ರೀ ತೋರಿಸಿದ್ದಳು. ಗೈಡ್ ಅದನ್ನು ಎರಡು ಸಮ್ಮೇಳನಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿ ಬಂದಿದ್ದರು. ತಾಯಿ ಶಾಂತಾದೇವಿಯಂತೂ "ನನ್ನ ಮಂಡಿನೋವಿಗೆ ಕಾರಣ ನನ್ನ ಮಗಳೇ ಕಂಡುಹಿಡಿದಿದ್ದಾಳೆ ಕಣ್ರೀ" ಎಂದು ಚಾಮರಾಜಪುರಂನ ಬೀದಿಗೆಲ್ಲ ಸಾರಿದ್ದರು.

ಆ ಮಂಡಿಗಳು ಎಲ್ಲಿಂದ ಬರುತ್ತವೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮೊಟ್ಟೆಯೂ ಹೊಸಿಲು ದಾಟದ ಮನೆಯ ಹುಡುಗಿ ವಾರಕ್ಕೊಮ್ಮೆ, ಕೊರಳಿನ ಲಿಂಗದ ಕರಡಿಗೆಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು, ಕುಂಬಾರಕೊಪ್ಪಲಿನ ಚಿಕ್ಕಣ್ಣನ ಮಟನ್ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. "ತೊಳ್ದು ಕೊಡ್ಲಾ ಅಮ್ಮೋರೆ?" ಎಂದು ಅವನು ಪ್ರತಿಸಲ ಕೇಳುವನು. ಹೂಂ ಎನ್ನುವಳು. ಅದೂ ಸಾಲದು. ಬೋಗಾದಿ ರಸ್ತೆಯ ಲ್ಯಾಬಿಗೆ ಬಂದು, ಚೂರುಗಳನ್ನು ಕತ್ತರಿಸಿ, ತಾಯಿ ಸೊಪ್ಪು ತೊಳೆಯುವಂತೆ ಮೂರು ನೀರಿನಲ್ಲಿ ತೊಳೆದು, ಆಮೇಲೆಯೇ ಉಪ್ಪಿನ ದ್ರಾವಣಕ್ಕೆ ಹಾಕುವಳು. ಅವಳ ಮಾದರಿಗಳು ಬೆಣ್ಣೆಯಷ್ಟು ಬಿಳುಪು ಎಂದು ಗೈಡ್ ಹೊಗಳುತ್ತಿದ್ದರು. ಹೊಗಳುವುದೇನೋ ಬಾಗಿಲಿನಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ನಿಂತೇ.

ಇಪ್ಪತ್ತನಾಲ್ಕರಂದು ಗೈಡ್, ಕೋಷ್ಟಕಕ್ಕೆ ಇನ್ನೊಂದು ಮುದಿ ಕುರಿಯ ಅಳತೆ ಇದ್ದರೆ ಚೆನ್ನ ಎಂದರು. ಹೇಮಶ್ರೀಗೆ ಮೂಗು ಪೂರ್ತಿ ಕಟ್ಟಿತ್ತು. ಚಿಕ್ಕಣ್ಣ ಕೇಳಿದ್ದೂ ಸರಿಯಾಗಿ ಕಿವಿಗೆ ಬೀಳದೆ, ತೊಳೆಯದ್ದನ್ನೇ ಕಟ್ಟಿಸಿಕೊಂಡು ಬಂದಳು. ಲ್ಯಾಬಿನಲ್ಲಿ ಚೂರನ್ನು ನೀರಿನಲ್ಲಿ ಒಂದು ಸಲ ಅದ್ದಿ ತೆಗೆದು ಅಯಸ್ಕಾಂತಕ್ಕೆ ಇಳಿಸಿದಳು. ನಲವತ್ತೊಂದು ಮಿಲಿಸೆಕೆಂಡು. ಅದು ಮರಿಯ ಸಂಖ್ಯೆ.

ಯಂತ್ರ ಕೆಟ್ಟಿರಬೇಕು ಎಂದುಕೊಂಡು ಮತ್ತೆ ಅಳೆದಳು. ಅದೇ ಸಂಖ್ಯೆ. ಅದೇ ಮಂಡಿಯಿಂದ ಇನ್ನೊಂದು ಚೂರು ಕತ್ತರಿಸಿ, ಎಂದಿನಂತೆ ನೀರು ಬದಲಿಸಿ ಬದಲಿಸಿ ಅರ್ಧ ಗಂಟೆ ತೊಳೆದು ಅಳೆದಳು. ಐವತ್ತೆಂಟು!

ಉಪ್ಪಿಲ್ಲದ ನೀರಿನಲ್ಲಿ ಮೃದ್ವಸ್ಥಿ ಊದಿಕೊಳ್ಳುತ್ತದೆ, ಒಳಗಿನ ನೀರು ಸಡಿಲವಾಗುತ್ತದೆ. ಮುದಿ ಕುರಿಯದಕ್ಕೆ ವಾಸನೆ ಹೆಚ್ಚು, ಅದನ್ನು ಅವಳು ವಾಸನೆ ಹೋಗುವ ತನಕ ತೊಳೆಯುತ್ತಿದ್ದಳು. ಮರಿಯದಕ್ಕೆ ಮೂರು ನೀರು ಸಾಕಾಗುತ್ತಿತ್ತು. ನಾಲ್ಕು ವರ್ಷ ಅವಳು ಅಳೆದದ್ದು ಮುಪ್ಪನ್ನಲ್ಲ, ತನ್ನ ಹೇಸಿಗೆಯನ್ನು. ಯಾವುದನ್ನು ಎಷ್ಟು ಹೊತ್ತು ತೊಳೆದೆ ಎಂದು ನೋಟ್‌ಬುಕ್ಕಿನಲ್ಲಿ ಒಂದಕ್ಷರವೂ ಇರಲಿಲ್ಲ. ತೊಳೆಯುವುದನ್ನು ಯಾರಾದರೂ ಬರೆದಿಡುತ್ತಾರೆಯೇ?

ಬಾಯಿ ಮುಚ್ಚಿಕೊಂಡಿದ್ದುಬಿಡೋಣ ಎಂದು ಎರಡು ದಿನ ನಿಜವಾಗಿಯೂ ಅಂದುಕೊಂಡಳು. ಮೂರನೆಯ ದಿನ ತಡೆಯಲಾರದೆ ಗೈಡ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಅನಂತಪದ್ಮನಾಭ ಕನ್ನಡಕ ತೆಗೆದು ಒರೆಸಿದರು. "ಪ್ರಬಂಧದಲ್ಲಿ ನೀರಲ್ಲಿ ತೊಳೆದು ಅಂತ ಬರೆದೇ ಇದೀಯಲ್ಲಮ್ಮ. ಸುಳ್ಳೇನಲ್ಲವಲ್ಲ."

"ಎಲ್ಲಾನೂ ಒಂದೇ ಥರ ತೊಳೀಲಿಲ್ಲ ಸಾರ್."

ಅವರು ಕಿಟಕಿಯ ಕಡೆ ತಿರುಗಿದರು. ಕಿವಿ ಕೆಂಪಾಗಿತ್ತು. "ನಾಲ್ಕು ವರ್ಷದಲ್ಲಿ ಒಂದು ದಿನ ನಾನು ಆ ಸಿಂಕ್ ಹತ್ರ ಬಂದಿದ್ರೆ ಅವತ್ತೇ ಗೊತ್ತಾಗೋದು. ಬರಲಿಲ್ಲ. ಆ ವಾಸನೆ ನನಗೂ ಆಗ್ತಿರಲಿಲ್ಲ ಕಣಮ್ಮ." ಆಮೇಲೆ ಪ್ರಬಂಧವನ್ನು ಅವಳ ಮುಂದಕ್ಕೆ ಸರಿಸಿದರು. "ಸೈನ್ ಮಾಡಿ ಅಂದ್ರೆ ಮಾಡ್ತೀನಿ. ನೀನೇ ಹೇಳು."

ಮಾಡಿ ಸಾರ್ ಎನ್ನಲು ಅವಳ ನಾಲಗೆ ಹಾತೊರೆಯಿತು. ಆ ಕಾಲೇಜು, ತಾಯಿಯ ಮುಖ, ಮುಗಿಯಿತು ಎಂದು ಮಲಗಬಹುದಾದ ನಿದ್ದೆ, ಎಲ್ಲವೂ ಆ ಒಂದು ಮಾತಿನಲ್ಲಿತ್ತು.

"ಬೇಡ ಸಾರ್" ಎಂದವಳೇ ಅತ್ತುಬಿಟ್ಟಳು.

ಮನೆಗೆ ಬಂದಾಗ ಶಾಂತಾದೇವಿ ಎಂದಿನಂತೆ ಮಗಳ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದರು. ಲ್ಯಾಬಿನಿಂದ ಬಂದವಳು ಮೈ ತೊಳೆಯದೆ ಅಡುಗೆಮನೆಗೆ ಬರುವಂತಿರಲಿಲ್ಲ. ಹೇಮಶ್ರೀ ನಡುಮನೆಯಲ್ಲೇ ಕುಳಿತು ಕುರಿಯ ವಿಷಯವನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿದಳು. ತಾಯಿ ಮಂಡಿ ಹಿಡಿದುಕೊಂಡು ನಿಂತೇ ಕೇಳಿದರು. ಬೈಯುತ್ತಾರೆಂದುಕೊಂಡಿದ್ದಳು, ಬೈಯಲಿಲ್ಲ.

"ಅಲ್ಲ ಕಣೇ, ತೊಳೆದಿದ್ದೇ ತಪ್ಪಾಗ್ಬುಡ್ತಾ?" ಎಂದರು.



ಗೈಡ್ ನಿವೃತ್ತರಾಗುವ ತನಕ, ಇನ್ನೂ ನಾಲ್ಕು ದಿನ, ಯಂತ್ರ ಅವಳದೇ. ಪದವಿಗೆ ಆ ನಾಲ್ಕು ದಿನ ಏತಕ್ಕೂ ಸಾಲದು, ಕೀಲಿನಲ್ಲಿ ನಿಜವಾಗಿ ಏನಿದೆ ಎಂದು ಇಣುಕಿ ನೋಡಲು ಸಾಕು. ಮರುದಿನ ಬೆಳಗ್ಗೆ ಕುಂಬಾರಕೊಪ್ಪಲಿಗೆ ಹೋದಳು. ನೆಗಡಿ ಬಿಟ್ಟಿತ್ತು. ರಕ್ತ, ಕೊಬ್ಬು, ಮುದಿ ಕುರಿಯ ಗಮಲು ಒಂದೂ ಬಿಡದೆ ಮೂಗಿಗೆ ಬಡಿಯಿತು.

"ತೊಳ್ದು ಕೊಡ್ಲಾ ಅಮ್ಮೋರೆ?"

"ಬೇಡ, ಹಂಗೇ ಕೊಡಿ."

ಚಿಕ್ಕಣ್ಣ ಒಂದು ಗಳಿಗೆ ಅವಳ ಮುಖ ನೋಡಿ, ಕಟ್ಟಿ ಕೊಟ್ಟ. ಲ್ಯಾಬಿನಲ್ಲಿ ಅವಳು ಸಿಂಕಿನ ಮುಂದೆ ಪೊಟ್ಟಣ ಬಿಚ್ಚುವಾಗ ಹಿಂದೆ ಚಪ್ಪಲಿಯ ಸದ್ದಾಯಿತು. ಅನಂತಪದ್ಮನಾಭ ಬಾಗಿಲಿನಲ್ಲಿ ನಿಲ್ಲದೆ ನೇರ ಒಳಗೆ ಬಂದಿದ್ದರು. ಕರವಸ್ತ್ರ ಜೇಬಿನಲ್ಲೇ ಇತ್ತು.

"ಕೊಡಮ್ಮ, ನಾನು ಹಿಡ್ಕೋತೀನಿ. ನೀನು ಕತ್ತರಿಸು" ಎಂದು ಕೈಗಳನ್ನು ಚಾಚಿದರು.