ತಗಡಿನ ಬಕೆಟ್ಟು

"ಬಡಿಯೇ ಸಾವೇತಾ! ಜೋರಾಗಿ ಬಡಿ! ಅಮ್ಮಾವ್ರಿಗೆ ಇವತ್ತು ನಿದ್ದೆ ಜಾಸ್ತಿ ಆದ ಹಾಗಿದೆ!"

ಗವ್ರಿಲಾ ರಸ್ತೆಯ ನಡುವೆ ಕಾಲಗಲಿಸಿ ನಿಂತು ಕೂಗಿದ. ತಿರುವಿನ ಉದ್ದಕ್ಕೂ ನಿಂತಿದ್ದ ಕಾರುಗಳಲ್ಲಿದ್ದವರು ನಕ್ಕರು. ಅವನ ಮಾತು ತಿಳಿಯದ ಜರ್ಮನರೂ ಪೋಲೆಂಡಿನವರೂ ನಕ್ಕರು. ಗವ್ರಿಲಾನ ಗಂಟಲಲ್ಲಿ ಅಂಥದ್ದೇನೋ ಇತ್ತು. ಅವನು ಬೈದರೂ ಜನ ನಗುತ್ತಿದ್ದರು. ಮದುವೆಗೆ ಮುಂಚೆ ಸಾವೇತಾ ಮರುಳಾದದ್ದೂ ಆ ಗಂಟಲಿಗೇ.

ಅವಳು ತಮ್ಮ ಚೀಸಿನ ಅಂಗಡಿಯ ಕಂಬಕ್ಕೆ ತೂಗುಹಾಕಿದ್ದ ತಗಡಿನ ಬಕೆಟ್ಟಿಗೆ ಸೌಟಿನಿಂದ ಬಡಿದಳು. ಎಡಗೈಯಲ್ಲೇ ಬಡಿದಳು. ಬಲಗೈಯ ಮಣಿಕಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಹಿಂದಿನ ಸಂಜೆ ಗವ್ರಿಲಾ ಆ ಕೈಯನ್ನು ಹಿಂದಕ್ಕೆ ತಿರುಚಿ, ಅವಳನ್ನು ಚೀಸಿನ ಪೆಟ್ಟಿಗೆಗಳ ಮೇಲೆ ಕೆಡವಿದ್ದ. ಅವಳು ಹೇಳಿದ್ದು ಇಷ್ಟೇ: "ಈ ವರ್ಷ ಆ ಕರಡಿ ಜೊತೆ ಮರಿಗಳಿವೆ. ಇನ್ಮೇಲೆ ಕರೀಬೇಡ ಗವ್ರಿಲಾ. ಒಂದಿನ ನಿನ್ನನ್ನೇ ತಿಂದುಹಾಕ್ತಾಳೆ."

ಫಗರಾಶ್ ಬೆಟ್ಟ ಹತ್ತುವ ಈ ರಸ್ತೆಯಷ್ಟು ಚಂದದ ರಸ್ತೆ ಯುರೋಪಿನಲ್ಲೇ ಇಲ್ಲವಂತೆ. ಹಾಗೆ ಹೇಳುವವರೆಲ್ಲ ಓಡಿಸಿಕೊಂಡು ಹೋಗುವವರು. ಇಲ್ಲಿ ನಿಂತವರನ್ನು ಯಾರೂ ಕೇಳಿಲ್ಲ. ಬೇಸಿಗೆಯಲ್ಲಿ ಹಿಮ ಸರಿಸಿ ದಾರಿ ತೆರೆದ ದಿನದಿಂದ ಮತ್ತೆ ಹಿಮ ಬಿದ್ದು ಮುಚ್ಚುವವರೆಗೆ ಬೈಕುಗಳು, ಕಾರುಗಳು ಅಣೆಕಟ್ಟಿನ ಕಡೆಯಿಂದ ರೊಯ್ಯನೆ ಹತ್ತುತ್ತವೆ, ರೊಯ್ಯನೆ ಇಳಿಯುತ್ತವೆ. ತಿರುವಿನ ಮೇಲೆ ತಿರುವು, ಅದೇ ಅವರಿಗೆ ಖುಷಿ. ಈ ಬಂಡೆಗಳನ್ನು ಸಿಡಿಸಿದ ಸೈನಿಕರಲ್ಲಿ ಸಾವೇತಾಳ ಅಪ್ಪನೂ ಒಬ್ಬ. ಆ ಮದ್ದಿನ ಸದ್ದಿಗೆ ಕಿವಿ ಕಳೆದುಕೊಂಡವನು ಸಾಯುವ ತನಕ ಕಿವುಡನಾಗಿದ್ದ.

ಹೀಗೆ ಹಾರಿಕೊಂಡು ಹೋಗುವವರು ಚೀಸ್ ಕೊಳ್ಳಲು ನಿಲ್ಲುತ್ತಾರೆಯೇ? ನಿಲ್ಲುವುದು ಕರಡಿಗೆ. ಯಾವ ತಿರುವಿನಲ್ಲಿ ಕರಡಿ ಕೂರುತ್ತದೋ ಆ ತಿರುವಿನಲ್ಲಿ ವ್ಯಾಪಾರ. ಈ ರಸ್ತೆಯ ಅಂಗಡಿಯವರೆಲ್ಲ ಬಲ್ಲ ಮಾತು. ಅದಕ್ಕೇ ಗವ್ರಿಲಾ ಊರ ಬೇಕರಿಯಿಂದ ಹಳಸಿದ ಬ್ರೆಡ್ಡು, ಕೊಳೆತ ಪ್ಲಮ್ ಹಣ್ಣು, ಬೇಯಿಸಿದ ಮೆಕ್ಕೆಜೋಳದ ತೆನೆ ತಂದು ಬಕೆಟ್ಟು ತುಂಬುತ್ತಿದ್ದ. ಬಡಿಯುವುದು, ಹಾಕುವುದು, ಮತ್ತೆ ಬಡಿಯುವುದು, ಹಾಕುವುದು. ಕೆಲವೇ ಬೇಸಿಗೆಗಳಲ್ಲಿ ಆ ಹೆಣ್ಣು ಕರಡಿ ಬಕೆಟ್ಟಿನ ಸದ್ದಿಗೆ ಒಗ್ಗಿಹೋಗಿತ್ತು. ಕರಡಿಗೆ ಏನೂ ಹಾಕಬಾರದೆಂಬ ಸರ್ಕಾರಿ ಫಲಕ ಅಲ್ಲೇ ನಿಂತಿತ್ತು. ಗವ್ರಿಲಾ ಅದಕ್ಕೆ ತನ್ನ ಕೋಟು ನೇತುಹಾಕುತ್ತಿದ್ದ.

ಕೆಳಗಿನ ಫರ್ ಮರಗಳ ಸಂದಿಯಿಂದ ಕರಡಿ ಎದ್ದು ಬಂತು. ರಸ್ತೆಯಂಚಿನ ಮೋಟುಗೋಡೆ ಹತ್ತಿ, ದಿನಾ ಕೂರುವ ಜಾಗದಲ್ಲೇ ಕೂತು, ಬಕೆಟ್ಟಿನ ಕಡೆ ನೋಡಿತು. ಹಿಂದೆಯೇ ಎರಡು ಮರಿಗಳು ಗೋಡೆ ಹತ್ತಲಾಗದೆ ಜಾರಿ ಬಿದ್ದು, ಮತ್ತೆ ಹತ್ತಿದವು. ಕಾರುಗಳಿಂದ "ಆಹಾ" ಎಂಬ ಉದ್ಗಾರ ಬಂತು. ಎಲ್ಲ ಕಿಟಕಿಗಳಿಂದಲೂ ಫೋನುಗಳು ಹೊರಚಾಚಿದವು.

"ಬಕೆಟ್ ತಾ!" ಎಂದ ಗವ್ರಿಲಾ.

ಸಾವೇತಾ ತಂದುಕೊಟ್ಟಳು. ಕೈಗೆ ಭಾರ ಸಿಗದೆ ಅವನು ಒಳಗೆ ಇಣುಕಿದ. ತುಟಿಯ ಮೇಲಿನ ನಗು ಹಾಗೇ ಉಳಿಯಿತು, ಕಣ್ಣು ಬದಲಾಯಿತು.

"ಬ್ರೆಡ್ಡೆಲ್ಲೇ?"

"ತೊರೆಗೆ ಸುರಿದುಬಿಟ್ಟೆ. ಎಲ್ಲಾನೂ ಸುರಿದೆ."

"ತಲೆ ನೆಟ್ಟಗಿದ್ಯಾ ನಿಂಗೆ?"

"ನೆಟ್ಟಗಿದ್ದಕ್ಕೇ ಸುರಿದಿದ್ದು. ಬರ್ತಾಳೆ, ನೋಡ್ತಾಳೆ, ಏನೂ ಇಲ್ಲ ಅಂತ ಹೋಗ್ತಾಳೆ. ನಾಲ್ಕು ದಿನ ಹೀಗಾದ್ರೆ ಬರೋದೇ ಬಿಡ್ತಾಳೆ. ನೀನೂ ಹಿಂದಕ್ಕೆ ಬಾ. ಬಾ ಗವ್ರಿಲಾ, ನಿನ್ನ ದಮ್ಮಯ್ಯ."

"ಸಂಜೆ ಮನೆಗೆ ನಡಿ. ಇದೆ ನಿಂಗೆ ಹಬ್ಬ," ಎಂದ, ನಗುವನ್ನು ಜನರ ಕಡೆ ತಿರುಗಿಸಿಕೊಂಡೇ.

ಅವನು ಆಗಲೇ ಹಿಂದೆ ಸರಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟು ಜನರೆದುರು ಬರಿಗೈಯಲ್ಲಿ ಹಿಂದೆ ಸರಿಯುವ ಗಂಡಸಲ್ಲ ಅವನು. ಬೆಳಗಿನ ಪ್ಲಮ್ ಸಾರಾಯಿಯೂ ಹೊಟ್ಟೆಯಲ್ಲಿತ್ತು. ಬಕೆಟ್ಟಿಗೆ ಕೈ ಹಾಕಿ, ಏನೋ ಇರುವಂತೆ ಮುಷ್ಟಿ ಕಟ್ಟಿ, ಕರಡಿಯ ಮೂಗಿನ ಮುಂದೆ ಹಿಡಿದ. ಕರಡಿ ಗೋಡೆಯಿಂದಿಳಿದು ಮೂಸಿತು. ಅವನು ಮುಷ್ಟಿ ಬಿಚ್ಚಿ ಬರಿಗೈ ತೋರಿಸಿ ಕುಣಿದ. ಜನ ಚಪ್ಪಾಳೆ ತಟ್ಟಿದರು. ಮತ್ತೊಮ್ಮೆ ಹಾಗೇ ಮಾಡಿದ. ಸಾವೇತಾ ಬಕೆಟ್ಟನ್ನು ಅವನ ಕಾಲ ಬುಡದಿಂದ ಎತ್ತಿಕೊಂಡು ಅಂಗಡಿಯ ಕಡೆ ಹಿಮ್ಮೆಟ್ಟಿದಳು. ಮೂರನೆಯ ಸಲ ಅವನು ಮುಷ್ಟಿಯನ್ನು ತಲೆಯ ಮೇಲಕ್ಕೆತ್ತಿದ. ಕರಡಿಯನ್ನು ಎದ್ದು ನಿಲ್ಲಿಸಬೇಕೆಂದು.

ಕರಡಿ ಎದ್ದು ನಿಂತಿತು. ಮುಂಗಾಲಿನಿಂದ ಒಂದೇ ಒಂದು ಬೀಸು. ಗವ್ರಿಲಾನ ಟೋಪಿಯ ಜೊತೆ ನೆತ್ತಿಯ ಚರ್ಮವೂ ಕೂದಲೂ ಕಿವಿಯೂ ಹಾರಿ ಹೋಗಿ ಮುಂದಿನ ಕಾರಿನ ಗಾಜಿಗೆ ಬಡಿದು ಅಂಟಿಕೊಂಡವು. ಅವನು ಕೂಗಲಿಲ್ಲ, ಆಶ್ಚರ್ಯಪಟ್ಟವನಂತೆ ಕೂತುಬಿಟ್ಟ. ಆಮೇಲೆ ಕರಡಿ ಆ ಮುಷ್ಟಿಯನ್ನೇ ಬಾಯಿಗೆ ಹಾಕಿಕೊಂಡಿತು. ಏನೂ ಇಲ್ಲದ ಮುಷ್ಟಿ. ಮೂಳೆ ಮುರಿದ ಸದ್ದು ಸಾವೇತಾಳಿಗೆ ಅಂಗಡಿಯವರೆಗೂ ಕೇಳಿಸಿತು. ಆಗ ಅವನು ಕೂಗಿದ.

"ಬಾಗಿಲು ತೆಗೀರೋ! ಯಾರಾದ್ರೂ ಅವನನ್ನ ಒಳಗೆ ಎಳ್ಕೊಳ್ರೋ!" ಎಂದು ಸಾವೇತಾ ಕಿರುಚಿದಳು.

ಅವಳು ಹತ್ತಿರದ ಕಾರಿನ ಕಿಟಕಿಗೆ ಗುದ್ದಿದಳು. ಒಳಗಿದ್ದ ನರೆತ ಕೂದಲಿನವನು ತಲೆ ಅಲ್ಲಾಡಿಸಿ, ಚಿಲಕ ಒತ್ತಿ, ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಹಿಂದಿನ ಕೆಂಪು ಕಾರು ರಿವರ್ಸ್ ಹೋಗಿ ಇನ್ನೊಂದಕ್ಕೆ ಗುದ್ದಿತು. ಹಾರನ್ನುಗಳು ಒಂದೇ ಸಮನೆ ಅರಚಿದವು. ಆ ಗದ್ದಲಕ್ಕೆ ಕರಡಿ ಇನ್ನಷ್ಟು ರೊಚ್ಚಿಗೆದ್ದು ಗವ್ರಿಲಾನನ್ನು ಕೈ ಹಿಡಿದೇ ಎಳೆದು, ನೆಲಕ್ಕೆ ಅಪ್ಪಳಿಸಿತು. ಟಾರಿನ ಮೇಲೆ ರಕ್ತದ ಪಟ್ಟೆ ಮೂಡಿತು.

ಬಕೆಟ್ಟು ಸಾವೇತಾಳ ಕೈಯಲ್ಲೇ ಇತ್ತು. ಬಡಿದರೆ ಕರಡಿ ತಿರುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳ ಕೈ ಏಳಲಿಲ್ಲ. ಊದಿದ ಮಣಿಕಟ್ಟಿನೊಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಇನ್ನು ಸಂಜೆ ಮನೆಗೆ ಹೋದರೆ ಮನೆ ಸುಮ್ಮನಿರುತ್ತದೆ ಎಂದು ಅವಳಿಗನ್ನಿಸಿತು. ಅನ್ನಿಸಿದ್ದು ಹಿತವಾಗಿತ್ತು. ಆ ಹಿತಕ್ಕೇ ಹೆದರಿ ಅವಳು ಸೌಟೆತ್ತಿ ಬಡಿಯತೊಡಗಿದಳು.

ಕರಡಿ ತಲೆ ಎತ್ತಿತು. ಅದರ ಮೂತಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಗವ್ರಿಲಾನನ್ನು ಬಿಟ್ಟು ಅವಳ ಕಡೆಗೇ ಬಂತು. ಬಕೆಟ್ಟು ಖಾಲಿಯಿತ್ತು. ಅಂಗಡಿಯ ಮೇಲಿದ್ದ ಚೀಸಿನ ಉಂಡೆಗಳನ್ನು, ಫರ್ ಮರದ ತೊಗಟೆ ಸುತ್ತಿದವನ್ನೆಲ್ಲ, ಎರಡೂ ಕೈಯಲ್ಲಿ ಬಾಚಿ ಗೋಡೆಯಾಚೆಗೆ ಎಸೆದಳು. ಇಡೀ ಬೇಸಿಗೆಗೆಂದು ಮಾಡಿಟ್ಟ ಚೀಸು ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ಕರಡಿ ಒಂದು ಗಳಿಗೆ ಅವಳನ್ನೇ ನೋಡಿತು. ಅದರ ಬಿಸಿಯುಸಿರು ಅವಳ ಮುಖಕ್ಕೆ ತಾಗಿತು. ಆಮೇಲೆ ಅದು ಗೋಡೆ ಹಾರಿ ಚೀಸಿನ ಹಿಂದೆ ಇಳಿಯಿತು. ಮರಿಗಳೂ ಉರುಳುತ್ತ ಹಿಂದೆ ಹೋದವು.

ಕೋವಿ ಹಿಡಿದವರು ಬಂದದ್ದು ಮಾರನೆಯ ದಿನ. ಗವ್ರಿಲಾ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯ ಮೇಲಿಂದ ಕತ್ತರಿಸಿಕೊಂಡು, ತೊಡೆಯ ಚರ್ಮವನ್ನು ನೆತ್ತಿಗೆ ಹೊಲಿಸಿಕೊಂಡು ಮಲಗಿದ್ದ. ಕೋವಿಯವರು ಬೆಳಗಿನಿಂದ ಮಧ್ಯಾಹ್ನದವರೆಗೂ ಕಾದರು; ಕರಡಿ ಕಾಡು ಬಿಟ್ಟು ಹೊರಬರಲಿಲ್ಲ. ಕೊನೆಗೆ ಅರಣ್ಯ ಕಾವಲಿನ ನಿಸ್ತೋರ್ ಅಂಗಡಿಗೆ ಬಂದು ಟೋಪಿ ತೆಗೆದು ನಿಂತ. ಆ ಕರಡಿಯನ್ನು ಮರಿಯಾಗಿದ್ದಾಗಿನಿಂದ ಬಲ್ಲವನು ಅವನು.

"ನೀನು ಬಡಿದ್ರೇನೇ ಬರೋದು ಕಣಮ್ಮ."

"ನಾನ್ಯಾಕೆ ಬಡೀಲಿ ನಿಸ್ತೋರಣ್ಣ? ಮೋಸ ಮಾಡಿದ್ದು ನಾವು, ಗುಂಡು ಅವಳಿಗಾ?"

"ನಾವೇ ಕೆಡಿಸಿದ್ದು, ಇಲ್ಲ ಅನ್ನಲ್ಲ. ಈಗ ಅವಳಿಗೆ ಮನುಷ್ಯನ ಹೆದರಿಕೆ ಹೋಗಿದೆ. ನಾಳೆ ಇನ್ಯಾವ್ದೋ ತಿರುವಲ್ಲಿ ಯಾರದೋ ಕೂಸು ಕಿಟಕಿಯಿಂದ ಕೈ ಚಾಚತ್ತೆ. ಆಗ ಏನ್ ಮಾಡ್ತೀಯ?"

ಸಾವೇತಾ ಒಳಗೆ ಹೋಗಿ ಮನೆಯಲ್ಲಿ ಬೇಯಿಸಿ ತಂದಿದ್ದ ಹೊಸ ಬ್ರೆಡ್ಡನ್ನು ಮುರಿದು ಮುರಿದು ಬಕೆಟ್ಟಿಗೆ ಹಾಕಿದಳು. ಊಟಕ್ಕೆಂದು ತಂದಿದ್ದ ಮೆಕ್ಕೆಜೋಳದ ಮುದ್ದೆಯನ್ನೂ ಹಾಕಿದಳು.

"ಅದ್ಯಾಕಮ್ಮ? ಸದ್ದು ಸಾಕು," ಎಂದ ಕೋವಿಯವರಲ್ಲೊಬ್ಬ.

"ಖಾಲಿ ಬಕೆಟ್ ಇನ್ನೊಂದ್ಸಲ ಬಡಿಯಲ್ಲ ನಾನು. ತಿಂದಾದ ಮೇಲೆ ಹೊಡೀರಿ."

ತುಂಬಿದ ಬಕೆಟ್ಟಿನ ಸದ್ದು ಮಂದವಾಗಿತ್ತು. ಆದರೂ ಕರಡಿ ಬಂತು. ಗೋಡೆ ಹತ್ತಿ, ತನ್ನ ಜಾಗದಲ್ಲಿ ಕೂತು, ಬಕೆಟ್ಟನ್ನು ನೋಡಿತು. ಸಾವೇತಾ ಬಕೆಟ್ಟನ್ನು ರಸ್ತೆಗೆ ತಳ್ಳಿ ಹಿಂದೆ ಸರಿದಳು. ಅದು ಗೋಡೆಯಿಂದ ಇಳಿಯಲೆಂದು ಒಂದು ಕಾಲು ಚಾಚಿತು, ಅಷ್ಟೇ. ಅವರು ಕಾಯಲಿಲ್ಲ. ಮೊದಲ ಗುಂಡು ದವಡೆಗೆ ಬಿತ್ತು. ದವಡೆ ಜೋತುಬಿದ್ದ ಕರಡಿ ಬಕೆಟ್ಟಿನ ಕಡೆಗೇ ತೆವಳಿತು. ಮತ್ತೆ ಹೊಡೆದರು, ಮತ್ತೂ ಹೊಡೆದರು. ಬ್ರೆಡ್ಡಿನ ಮೇಲೆ ರಕ್ತ ಚಿಮ್ಮಿತು. ಮರಿಗಳನ್ನು ಹಿಡಿಯಲು ಬಲೆ ತಂದಿದ್ದವರು ಇಳಿಜಾರಿನಲ್ಲಿ ಬಿದ್ದು ಎದ್ದು ಓಡಾಡಿ ಬರಿಗೈಯಲ್ಲಿ ಹಿಂದಿರುಗಿದರು. ನಿಸ್ತೋರ್ ಗೋಡೆಗೆ ಹಣೆಯಿಟ್ಟು ಗಂಡಸೆಂಬ ನಾಚಿಕೆಯಿಲ್ಲದೆ ಅತ್ತ.

ಕಾಡಿನ ಎಲೆಗಳು ಹಳದಿಗೆ ತಿರುಗುವ ಹೊತ್ತಿಗೆ ಗವ್ರಿಲಾ ಮರಳಿ ಬಂದ. ಮುಖದ ಒಂದು ಪಕ್ಕ ಹೊಲಿಗೆ ಎಳೆದು ಬಾಯಿ ಓರೆಯಾಗಿತ್ತು. ಗಂಟಲು ಮಾತ್ರ ಹಾಗೇ ಇತ್ತು. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಕಾರಿನವರು ತೆಗೆದ ಚಿತ್ರ ಲೋಕವೆಲ್ಲ ಸುತ್ತಿತ್ತು. ಜನ ಈಗ ಅವನನ್ನು ನೋಡಲು ಇಳಿಯುತ್ತಿದ್ದರು. ಅವನು ತೋಳಿನ ಮೋಟನ್ನು ಎತ್ತಿ ಹಿಡಿದರೆ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾವೇತಾಳಿಗೆ ಅವನ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಿತ್ತು ಕೂಡ, ಆಸ್ಪತ್ರೆಯಲ್ಲಿ, ಅವನಿಗೆ ಸೂಪು ಕುಡಿಸುತ್ತಿದ್ದಾಗ. ಕುರ್ಚಿಯಲ್ಲಿ ಕೂತವನನ್ನು ನೋಡಿದಾಗ ಅದು ಇಂಗಿಹೋಯಿತು.

ಒಂದು ಬೆಳಿಗ್ಗೆ ಅವನು ಬೇಕರಿಯ ಹಳಸಿದ ಬ್ರೆಡ್ಡಿನ ಚೀಲವನ್ನು ಅವಳ ಮುಂದೆ ಎಸೆದ. ರಸ್ತೆಯಲ್ಲಿ ಇನ್ನೂ ಒಂದು ಕಾರೂ ಇರಲಿಲ್ಲ.

"ಮರಿಗಳು ಕೆಳಗೇ ಇವೆಯಂತೆ. ಬಡಿ."

"ಸತ್ತರೂ ಬಡಿಯಲ್ಲ."

"ಚಿಕ್ಕವು ಕಣೇ. ಈಗಲೇ ಒಗ್ಗಿಸಿದ್ರೆ ಬರೋ ಬೇಸಿಗೆಗೆ ತಯಾರಾಗ್ತವೆ. ಬಡಿ ಅಂದೆ!"

"ಕೈ ಹೋಯ್ತು, ಕಿವಿ ಹೋಯ್ತು, ಬುದ್ಧಿ ಮಾತ್ರ ಬರಲಿಲ್ಲವಲ್ಲೋ ನಿಂಗೆ!"

ಉಳಿದಿದ್ದ ಎಡಗೈಯನ್ನು ಅವನು ಇಷ್ಟು ಬೇಗ ಪಳಗಿಸಿಕೊಂಡಿರಬಹುದೆಂದು ಅವಳು ಎಣಿಸಿರಲಿಲ್ಲ. ಏಟು ಬಾಯಿಗೆ ಬಿತ್ತು. ಅವಳು ಕಂಬಕ್ಕೆ ತಾಗಿ, ಬಿದ್ದು, ಎದ್ದಳು. ನಾಲಿಗೆಗೆ ಒಂದು ಹಲ್ಲು ಅಲುಗಾಡಿದ್ದು ತಿಳಿಯಿತು. ಅವಳು ಅಳಲಿಲ್ಲ. ಕಂಬದಿಂದ ಬಕೆಟ್ಟು ಬಿಚ್ಚಿದಳು. ಬಡಿಯುತ್ತಾಳೆಂದುಕೊಂಡು ಅವನು ತೃಪ್ತಿಯಿಂದ ಕುರ್ಚಿಯಲ್ಲಿ ಕೂತ. ಅವಳು ರಸ್ತೆ ದಾಟಿ, ರಕ್ತದ ಕಲೆ ಇನ್ನೂ ಮಾಸದ ಗೋಡೆಯ ಹತ್ತಿರ ಹೋಗಿ, ತೋಳಿನಲ್ಲಿದ್ದ ಬಲವನ್ನೆಲ್ಲ ಸೇರಿಸಿ ಬಕೆಟ್ಟನ್ನು ಕಣಿವೆಗೆ ಎಸೆದಳು.

"ಏಯ್!" ಎಂದು ಗವ್ರಿಲಾ ಹಾರಿ ಎದ್ದ.

ಬಕೆಟ್ಟು ಮೊದಲ ಬಂಡೆಗೆ ಬಡಿಯಿತು. ಅಲ್ಲಿಂದ ಪುಟಿದು ಇನ್ನೊಂದಕ್ಕೆ, ಮತ್ತೊಂದಕ್ಕೆ. ಢಣ್, ಢಣ್, ಢಣ್ ಎಂಬ ಸದ್ದು ಕಣಿವೆಯ ಉದ್ದಕ್ಕೂ ಇಳಿಯಿತು. ಎದುರಿನ ಬೆಟ್ಟ ಅದನ್ನು ಹಿಂದಕ್ಕೆ ಕೊಟ್ಟಿತು. ಸಾವೇತಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಸದ್ದು ನಿಂತ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ.

ಕೆಳಗೆ ಫರ್ ಮರಗಳ ಸಂದಿ ಅಲುಗಿತು. ಬಡಕಲಾಗಿದ್ದ ಎರಡು ಮರಿಗಳು ಹೊರಗೆ ಬಂದವು. ಇಳಿಜಾರು ಹತ್ತಿ, ಈಗ ಜಾರದೆ ಗೋಡೆಯನ್ನೂ ಹತ್ತಿ, ತಾಯಿ ಕೂರುತ್ತಿದ್ದ ಜಾಗದಲ್ಲಿ ಒತ್ತಾಗಿ ಕೂತು, ಅವಳ ಖಾಲಿ ಕೈಗಳ ಕಡೆ ನೋಡಿದವು. ಅಣೆಕಟ್ಟಿನ ಕಡೆಯಿಂದ ಹತ್ತಿ ಬರುತ್ತಿದ್ದ ಆ ದಿನದ ಮೊದಲ ಕಾರು ತಿರುವಿನಲ್ಲಿ ನಿಧಾನವಾಯಿತು. ಕಿಟಕಿಯ ಗಾಜು ಇಳಿಯಿತು.