ತೂಕ ನೋಡಿ ಕೊಂಡ ಪವರ್ ಸಪ್ಲೈ

೨೦೧೯ರ ಮಾರ್ಚ್ ೯, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಣ್ಣನ ಮುಖಕ್ಕೆ ಮೊದಲ ಏಟು ಬಿತ್ತು. ಕಂಪ್ಯೂಟರ್ ಅಂಗಡಿಯ ಗೋಡೆ ಗಡಿಯಾರ ಅವನ ತಲೆಯ ಮೇಲೆಯೇ ಇದ್ದದ್ದರಿಂದ ಹೊತ್ತು ನೆನಪಿದೆ. ಅವನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. ಏಟು ಬಿದ್ದ ಮೇಲೂ ತೆಗೆಯಲಿಲ್ಲ.

ಹಾಗೇಕೆ ನಿಂತ ಎಂದು ಹೇಳಬೇಕು. ಅಣ್ಣ ಟಿಂಬರ್ ಡಿಪೋದಲ್ಲಿ ಮರ ಎತ್ತುವವನು. ಸಿಟ್ಟು ಮೂಗಿನ ತುದಿಯಲ್ಲಿ. ಡಿಪೋದ ಗುಮಾಸ್ತನ ಎರಡು ಹಲ್ಲು ಉದುರಿಸಿದ್ದ. ಪಕ್ಕದ ಮನೆಯವರ ಸ್ಕೂಟರು ನಮ್ಮ ಬಾಗಿಲಿಗೆ ಅಡ್ಡ ನಿಂತಿತ್ತೆಂದು ಹಾರೆಯಿಂದ ಜಜ್ಜಿದ್ದ. ಹಿಂದಿನ ಡಿಸೆಂಬರ್ ಹತ್ತರಂದು ಅತ್ತಿಗೆಯ ಎಡಗೈ ಹಿಡಿದು ತಿರುಚಿದ. ಮಣಿಕಟ್ಟಿನ ಮೂಳೆ ಮುರಿದದ್ದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತು, ಪೆನ್ಸಿಲ್ ಮುರಿದ ಹಾಗೆ. ಅವಳು ಅಂದೇ ಎರಡು ವರ್ಷದ ಮಗಳನ್ನು ಬಲಸೊಂಟಕ್ಕೇರಿಸಿಕೊಂಡು ತವರಿಗೆ ಹೊರಟಳು. ಬೈಯಲಿಲ್ಲ, ಅಳಲಿಲ್ಲ. ಮೂರು ತಿಂಗಳು ಯಾರ ಮೇಲೂ ಕೈ ಮಾಡದಿದ್ದರೆ ವಾಪಸು ಬರುತ್ತೇನೆ, ಒಂದೇ ಒಂದು ಏಟಿನ ಸುದ್ದಿ ಕಿವಿಗೆ ಬಿದ್ದರೂ ಆಮೇಲೆ ಮಾತೆಲ್ಲ ಕೋರ್ಟಿನಲ್ಲಿ ಎಂದಳು. ಆ ಗಡುವು ಮುಗಿಯುವುದು ಮರುದಿನ, ಭಾನುವಾರ.

ಮೂರು ತಿಂಗಳೂ ಅಣ್ಣ ಡಿಪೋ ಮುಗಿಸಿ ನೇರ ಗೇಮ್ ಸೆಂಟರಿಗೆ ಹೋಗುತ್ತಿದ್ದ. ಎರಡು ಗಂಟೆ ಕೂತು ಪರದೆಯ ಮೇಲಿನವರನ್ನು ಕೊಡಲಿ, ಸುತ್ತಿಗೆ, ಬಂದೂಕು, ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದ. ಒಂದು ಸಂಜೆ ನಲವತ್ತಮೂರು ತಲೆ ತೆಗೆದು ಬಂದು ತಣ್ಣಗೆ ಉಂಡು ಮಲಗಿದ. ಒಬ್ಬನೇ ಮನುಷ್ಯನ ಮೇಲೆ ನಡೆಸಿದ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಗೊತ್ತು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಆದರೂ ಆ ಮೂರು ತಿಂಗಳಲ್ಲಿ ಅವನು ಯಾರನ್ನೂ ಹೊಡೆಯಲಿಲ್ಲ. ಹೆಂಡತಿ ಬಂದ ಮೇಲೂ ಗಂಡ ಸೆಂಟರಿನಲ್ಲೇ ಬೀಡು ಬಿಟ್ಟರೆ ಆಗದು, ಮನೆಯಲ್ಲೇ ಗೇಮ್ ಆಡುವ ಒಂದು ಕಂಪ್ಯೂಟರ್ ಮಿಷಿನ್ ಕಟ್ಟೋಣ ಎಂದು ಸೂಚಿಸಿದವಳು ನಾನೇ.

ಎಲ್ಲ ಸೇರಿ ಅವನ ಒಂದೂವರೆ ತಿಂಗಳ ಸಂಬಳದೊಳಗೆ ಆಗಬೇಕಿತ್ತು. ಅದರಲ್ಲಿ ಅರ್ಧ ಗ್ರಾಫಿಕ್ಸ್ ಕಾರ್ಡಿಗೆ ಎಂದು ತೀರ್ಮಾನಿಸಿದೆ. ಚಿತ್ರ ತಡವರಿಸಿದರೆ ಇವನ ಸಿಟ್ಟು ಪರದೆಯಿಂದ ಈಚೆ ಬಂದುಬಿಡುತ್ತದೆ. ನಾಲ್ಕು ಕೋರಿನ ಪ್ರೊಸೆಸರ್ ಸಾಕು. ಮದರ್‌ಬೋರ್ಡು, ಎಂಟು ಜಿಬಿ ರ‍್ಯಾಮ್ ಎರಡೂ ಬಳಸಿದ್ದು. ಇವನ್ನೆಲ್ಲ ಕೂರಿಸುವ ಕ್ಯಾಬಿನೆಟ್ಟನ್ನು ಯಾರೋ ಒದ್ದು ಒಂದು ಮಗ್ಗುಲು ತಗ್ಗಾಗಿತ್ತು. ಅಗ್ಗವಾಗಿ ಸಿಕ್ಕಿತು. ಇದು ನಮ್ಮ ಮನೇದೇ ಇದ್ದ ಹಾಗಿದೆ ಎಂದು ಅಣ್ಣ ನಕ್ಕ.

ಉಳಿದದ್ದು ಪವರ್ ಸಪ್ಲೈ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ. ನನ್ನ ಲೆಕ್ಕದಲ್ಲಿ ಪೂರ್ತಿ ಓಡುವಾಗ ಇನ್ನೂರೈವತ್ತು ವ್ಯಾಟ್ ಬೇಕು, ಆದ್ದರಿಂದ ನಾನೂರೈವತ್ತರದು ಕೊಂಡರೆ ನಿಶ್ಚಿಂತೆ. ಡಬ್ಬಿಯ ಮೇಲಿನ ಚೀಟಿಯನ್ನು ನಂಬುವ ಹಾಗಿಲ್ಲ. ಒಳ್ಳೆಯದಾದರೆ ಒಳಗೆ ತಾಮ್ರ, ಅಲ್ಯೂಮಿನಿಯಂ ಜಾಸ್ತಿಯಿದ್ದು ಭಾರವಿರುತ್ತದೆ ಎಂದು ಓದಿದ್ದೆ. ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ತಂದಿದ್ದೆ. ಬೀದಿಯವರೆಲ್ಲ ಮೀಸೆ ಎಂದು ಕರೆಯುವವನ ಅಂಗಡಿಯಲ್ಲಿ ಆರು ಡಬ್ಬಿಗಳನ್ನು ಒಂದೊಂದಾಗಿ ಕೊಕ್ಕೆಗೆ ನೇತುಹಾಕಿದೆ.

“ಏನಕ್ಕಾ, ಬದನೆಕಾಯಿ ತಗೋತಿದೀಯಾ?” ಎಂದ ಮೀಸೆ. ಅವನ ಬಾಮೈದ ಪರೀಕ್ಷೆಯ ಮೇಜಿನ ಹಿಂದೆ ನಿಂತು ತೋಳು ಕಟ್ಟಿಕೊಂಡು ನಕ್ಕ. ನಾನು ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿದೆ, ಒಂದೂ ಮುಕ್ಕಾಲು ಕಿಲೋ.

ದುಡ್ಡು ಕೊಡುವ ಮೊದಲು ಓಡಿಸಿ ನೋಡಬೇಕೆಂದೆ. ಬಾಮೈದ ಗೊಣಗುತ್ತ ನಮ್ಮ ಭಾಗಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿದ. ಹನ್ನೆರಡು ವೋಲ್ಟಿನ ತಂತಿಗೆ ಮೀಟರ್ ಹಚ್ಚಿದೆ. ಸುಮ್ಮನಿದ್ದಾಗ ಸರಿಯಾಗಿಯೇ ತೋರಿಸಿತು. ಗೇಮ್ ಓಡಿಸಿ ಕಾರ್ಡಿನ ಮೇಲೆ ಹೊರೆ ಹಾಕಿದ ನಾಲ್ಕನೇ ನಿಮಿಷಕ್ಕೆ ಹತ್ತೂವರೆ ವೋಲ್ಟಿಗೆ ಇಳಿದು, ಟಪ್ ಎಂದು ಪರದೆ ಕತ್ತಲಾಯಿತು. ಸುಟ್ಟ ವಾಸನೆ.

ಡಬ್ಬಿ ಬಿಚ್ಚಿ ನೋಡುತ್ತೇನೆ ಎಂದೆ. ಸ್ಕ್ರೂ ಮುಟ್ಟಿದರೆ ಮಾಲು ನಿಮ್ಮದು ಎಂದ ಮೀಸೆ. ಪ್ಲಗ್ ಕಿತ್ತು, ಒಳಗುಳಿದ ಕರೆಂಟು ಇಳಿಸಿ, ನಾಲ್ಕು ಸ್ಕ್ರೂ ತೆಗೆದೆ. ಒಳಗಿದ್ದ ಲೋಹ ಬಿಸ್ಕತ್ತು ಡಬ್ಬಿಯ ತಗಡಿನಷ್ಟು ತೆಳು. ಮೂಲೆಯಲ್ಲಿ ಮುಷ್ಟಿಗಾತ್ರದ ಸಿಮೆಂಟಿನ ಮುದ್ದೆಯನ್ನು ಅಂಟಿಸಿದ್ದರು. ನನ್ನಂಥವರು ತಕ್ಕಡಿ ಹಿಡಿದು ಬರುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು.

ಅಣ್ಣ ಅದನ್ನು ನೋಡಿದ, ಕೈಗಳನ್ನು ಜೇಬಿಗೆ ಇಳಿಸಿದ. “ಪುಟ್ಟೀ, ಬಿಡು. ಹೋಗೋಣ” ಎಂದ.

ಆಗ ಹೊರಟುಬಿಟ್ಟಿದ್ದರೆ ಆಗುತ್ತಿತ್ತು. ಸತ್ಯ ನನ್ನ ಕಡೆಗಿತ್ತು, ಅದನ್ನು ಅಲ್ಲಿಗೇ ಬಿಡಲು ನನಗಾಗಲಿಲ್ಲ. ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳಿಗೂ ಮುದ್ದೆ ತೋರಿಸಿ, ಇದು ವ್ಯಾಪಾರವಲ್ಲ, ಟೋಪಿ ಹಾಕುವ ಕೆಲಸ ಎಂದೆ. ಇಂಥದ್ದಕ್ಕೆ ಬೆಂಕಿ ಹತ್ತಿದರೆ ಮನೆಯೇ ಹೋಗುತ್ತದೆ ಎಂದೂ ಹೇಳಿದೆ. ಗಿರಾಕಿಗಳು ಮೆಲ್ಲಗೆ ಜಾಗ ಖಾಲಿ ಮಾಡಿದರು. ಮೀಸೆ ಷಟರನ್ನು ಸೊಂಟದ ಮಟ್ಟಕ್ಕೆ ಎಳೆದ.

ಬಾಮೈದ ನನ್ನನ್ನು ಹೊಡೆಯಲಿಲ್ಲ. ಹೆಂಗಸಿನ ಬಾಯಿ ಮುಚ್ಚಿಸೋಕೆ ಆಗದವನು ಎಂದು ಅಣ್ಣನ ಮುಖಕ್ಕೆ ಗುದ್ದಿದ. ಎರಡನೆಯದು ಕಿವಿಗೆ. ಮೂರನೆಯದು ಮೊಣಕಾಲಿನಿಂದ ಹೊಟ್ಟೆಗೆ. ತಿರುಗಿ ಹೊಡೆಯದವನನ್ನು ಹೊಡೆಯುವುದು ಅವನಿಗೆ ಹೊಸದಾಗಿತ್ತೇನೋ, ಹುರುಪು ಏರಿತು.

“ಜೇಬಲ್ಲಿ ಏನೋ ಇಟ್ಕೊಂಡಿದೀಯಾ? ಬಳೆನಾ?”

ಅಣ್ಣ ಗೋಡೆಗೆ ಒರಗಿ ಜಾರಿ ಕೂತ. ತುಟಿ ಸೀಳಿ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು. ಡಿಪೋದಲ್ಲಿ ಎರಡಾಳಿನ ತೊಲೆಯನ್ನು ಒಬ್ಬನೇ ಎತ್ತುವ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು. ಅವನು ನನ್ನನ್ನೇ ನೋಡುತ್ತ ರಕ್ತದ ಬಾಯಿಯಲ್ಲಿ, “ನಾಳೆ ಭಾನುವಾರ ಪುಟ್ಟೀ” ಎಂದ. ಬಾಮೈದ ಬೂಟುಗಾಲೆತ್ತಿ ಅವನ ಕುತ್ತಿಗೆಗೆ ಒದ್ದ.

ನಾನು ಪವರ್ ಸಪ್ಲೈಯ ತಂತಿಗಳ ಕಂತೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಉದ್ದನೆಯ ತಂತಿ, ತುದಿಯಲ್ಲಿ ಡಬ್ಬಿಯ ಭಾರ. ಏಟು ಎಷ್ಟು ಜೋರಾಗಿ ಕೂರುತ್ತದೆ ಎಂದು ಲ್ಯಾಬಿನಲ್ಲಿ ಮಕ್ಕಳಿಗೆ ಪ್ರತಿ ವರ್ಷ ತೋರಿಸುವವಳು ನಾನು. ಮೊದಲ ಏಟು ಬಾಮೈದನ ಹೆಗಲಿಗೆ ತಾಗಿತು. ಅವನು ತಿರುಗಿದ. ಎರಡನೆಯದು ಎಡಗಿವಿಯ ಮೇಲೆ. ಒದ್ದೆ ನೆಲಕ್ಕೆ ಹಲಗೆ ಬಿದ್ದಂಥ ಸದ್ದಾಗಿ ಅವನು ಮೇಜನ್ನು ಎಳೆದುಕೊಂಡು ಕುಸಿದ. ಮೂರನೆಯದನ್ನು ಅವನು ಬಿದ್ದ ಮೇಲೆ ಹೊಡೆದೆ. ನಾಲ್ಕನೆಯದಕ್ಕೆ ಎತ್ತಿದ್ದೆ. ಅಣ್ಣ ಜೇಬಿನಿಂದ ಕೈ ತೆಗೆದ, ಎದ್ದುಬಂದು ನನ್ನ ಎರಡೂ ಮಣಿಕಟ್ಟು ಹಿಡಿದ. ನೋಯದ ಹಾಗೆ ಹಿಡಿದಿದ್ದ.

ಮೀಸೆ ಪೊಲೀಸರನ್ನು ಕರೆಸಿ, ತಾನು ಬಾಮೈದನ ಜೊತೆ ಆಸ್ಪತ್ರೆಗೆ ಹೋದ. ಠಾಣೆಯಲ್ಲಿ ಅಣ್ಣನ ಮುಖ ಪರಿಚಯದ್ದು. ಹವಾಲ್ದಾರ ಏನೂ ಕೇಳುವ ಮೊದಲೇ ಅವನ ಹೆಸರು ಬರೆದುಕೊಂಡ, ಅಣ್ಣ “ಹೌದು, ನಾನೇ” ಎಂದ. ಬೆಂಚಿನ ಮೇಲೆ ನನ್ನ ಕಡೆ ಬಾಗಿ, “ನನ್ನ ಸಂಸಾರ ಹೇಗೂ ಹೋಯ್ತು, ನಿನ್ನ ಕೆಲಸವಾದ್ರೂ ಉಳೀಲಿ” ಎಂದು ಪಿಸುಗುಟ್ಟಿದ. ಇಪ್ಪತ್ತು ನಿಮಿಷ ಸುಮ್ಮನೆ ಕೂತೆ. ಅದನ್ನು ಮುಚ್ಚಿಡುವುದಿಲ್ಲ.

ಅತ್ತಿಗೆಗೆ ಠಾಣೆಯಿಂದಲೇ ಫೋನು ಹೋಗಿತ್ತು. ಬಂದವಳು ಯಾರನ್ನೂ ಮಾತಾಡಿಸದೆ ಅಣ್ಣನ ಮುಂದೆ ಕೂತು ಅವನ ಬಲಗೈ ಎತ್ತಿಕೊಂಡಳು, ಆಮೇಲೆ ಎಡಗೈ. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲೂ ತರಚಿರಲಿಲ್ಲ, ಊದಿರಲಿಲ್ಲ. ಹೊಡೆದು ಬಂದ ಆ ಕೈಗಳಿಗೆ ಎಷ್ಟೋ ಸಲ ಅರಿಶಿನ ಹಚ್ಚಿದವಳು ಅವಳು. ಆಮೇಲೆ ನನ್ನ ಅಂಗೈ ನೋಡಿದಳು. ತಂತಿಯ ಗೆರೆಗಳು ಕೆಂಪಗೆ ಎದ್ದಿದ್ದವು.

“ಇವರಲ್ಲ” ಎಂದಳು ಹವಾಲ್ದಾರನಿಗೆ. ನನ್ನ ಕಡೆ ತಿರುಗಿ, “ಹೇಳು” ಎಂದಳು.

ಎಲ್ಲ ಹೇಳಿದೆ. ಹವಾಲ್ದಾರ ಕಾಗದ ಹರಿದು ಹೊಸದು ತೆಗೆದುಕೊಂಡ.

“ಬಿದ್ದ ಮೇಲೂ ಹೊಡೆದ್ಯಾ?” ಅತ್ತಿಗೆ ಕೇಳಿದಳು.

“ಹೊಡೆದೆ.”

“ಯಾಕೆ?”

“ಗೊತ್ತಿಲ್ಲ ಅತ್ತಿಗೆ.”

“ಇವರೂ ಹೀಗೇ ಅಂತಿದ್ರು.” ನನ್ನ ಅಂಗೈ ಬಿಟ್ಟಳು. “ನಾಳೆ ಮಗೂನ ಕರ್ಕೊಂಡು ಬರ್ತೀನಿ. ನೀನು ಆ ಮನೇಲಿರಬಾರದು.”

“ಪುಟ್ಟಿ ಹೊಡೆದಿದ್ದು ನನಗೋಸ್ಕರ ತಾನೇ” ಎಂದು ಅಣ್ಣ ಶುರುಮಾಡಿದ. ಅತ್ತಿಗೆ ಇನ್ನೂ ನೆಟ್ಟಗಾಗದ ಎಡ ಮಣಿಕಟ್ಟನ್ನು ಮೇಜಿನ ಮೇಲೆ ಇಟ್ಟಳು. ಅವನು ಬಾಯಿ ಮುಚ್ಚಿದ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಬಾಮೈದ ಬದುಕಿದ, ಎಡಗಿವಿ ಕೇಳಿಸುವುದಿಲ್ಲ. ಕೇಸು ನಡೆಯುತ್ತಿದೆ, ಕಾಲೇಜು ನನ್ನನ್ನು ಅಮಾನತಿನಲ್ಲಿಟ್ಟಿದೆ. ಎರಡು ವಾರದ ಮೇಲೆ ಬೇರೆ ಅಂಗಡಿಯಿಂದ ಒಳ್ಳೆಯ ಪವರ್ ಸಪ್ಲೈ ಕೊಂಡು ಡಿಪೋಗೆ ಹೋಗಿ ಅಣ್ಣನಿಗೆ ಕೊಟ್ಟು ಬಂದೆ. ಯಾವ ತಂತಿ ಎಲ್ಲಿಗೆ ಎಂದು ಫೋನಿನಲ್ಲಿ ಹೇಳುತ್ತ ಹೋದೆ, ಅವನು ಮನೆಯಲ್ಲಿ ಜೋಡಿಸುತ್ತ ಹೋದ. ಮಿಷಿನ್ ಮೊದಲ ಸಲಕ್ಕೇ ಎದ್ದಿತು. ಪರದೆಯ ಮೇಲೆ ಯಾರೋ ಕೊಡಲಿ ಏಟಿಗೆ ಅರಚಿದ್ದು ಕೇಳಿಸಿತು, ಅದರ ಹಿಂದೆಯೇ ಮಗು ನಕ್ಕದ್ದೂ. ಸೌಂಡು ಕಡಿಮೆ ಮಾಡಿ ಎಂದು ಅತ್ತಿಗೆ ಗದರಿದಳು, ಅವನು ಮಾಡಿದ.

ನಾನು ಬಾಡಿಗೆಗೆ ಹಿಡಿದ ಕೋಣೆಯಿಂದ ಆ ಮನೆಗೆ ಎರಡು ಕಿಲೋಮೀಟರ್ ನಾನೂರ ಹತ್ತು ಮೀಟರ್. ಬಾಗಿಲವರೆಗೂ ಅಳೆದಿದ್ದೇನೆ.